ಬಕ್ 110 ಆಟೊ ಮಾಡಿಸ್ತೀರಾ? ಮೊದಲು ಬಟನ್ ನೋಡಿ

ಚಾಕುವನ್ನು ಆಟೊ, ಅಂದರೆ ಬಟನ್ ಒತ್ತಿದರೆ ಸ್ಪ್ರಿಂಗ್ ಬಲದಿಂದ ತಾನೇ ತೆರೆಯುವಂತೆ, ಮಾಡಿಸುವವರು ಮೊದಲು ಕೇಳುವುದು ಸ್ಪ್ರಿಂಗ್ ಎಷ್ಟು ಜೋರಾಗಿದೆ ಅಂತ. ನನ್ನ ಕೇಳಿದರೆ ಮೊದಲು ನೋಡಬೇಕಾದ್ದು ಬಟನ್ ಎಷ್ಟು ಎತ್ತರ ಇದೆ ಅನ್ನೋದು.

ಬಕ್ 110 ಅಮೆರಿಕದಲ್ಲಿ ಅರವತ್ತರ ದಶಕದಿಂದ ಮಾರಾಟದಲ್ಲಿರುವ ಮಡಚುವ ಚಾಕು. 3.75 ಇಂಚಿನ ಅಲಗು, ಹಿಡಿಯ ಎರಡೂ ತುದಿಗೆ ಹಿತ್ತಾಳೆ, ನಡುವೆ ಮರ. ತೂಕ ಸುಮಾರು 200 ಗ್ರಾಂ. ಬಟನ್ ಒತ್ತಿದರೆ ತೆರೆಯುವ ಮಾದರಿಯನ್ನು ಈಗ ಕಂಪನಿಯೇ ಮಾಡುತ್ತದೆ. ಅದಕ್ಕೂ ಮುಂಚಿನಿಂದಲೇ ಸಾದಾ 110 ತಗೊಂಡು, ಒಳಗೆ ಸ್ಪ್ರಿಂಗ್ ಕೂರಿಸಿ, ಹಿಡಿಗೆ ತೂತು ಕೊರೆದು ಬಟನ್ ಹಾಕಿಕೊಡುವ ಕೆಲಸಗಾರರಿದ್ದಾರೆ. ಇಲ್ಲಿ ಡಲ್ಲಾಸ್‌ನಲ್ಲಿ ನನ್ನ ಹತ್ತಿರ ಇರುವ ಮೂರೂ ಅಂಥವೇ. ಮಾಡಿದ ಕೈಗಳು ಬೇರೆ ಬೇರೆ, ಬಟನ್ ಎತ್ತರವೂ ಬೇರೆ ಬೇರೆ.

ಉಬ್ಬಿದ ಬಟನ್ ಒತ್ತೋಕೆ ಸುಲಭ. ಗ್ಲೌಸ್ ಹಾಕಿಕೊಂಡೇ ತೆರೆಯಬಹುದು. ತೊಂದರೆ ಇರುವುದು ಮುಚ್ಚುವಾಗ. ಇದರ ಲಾಕ್ ಹಿಡಿಯ ಬೆನ್ನಿನ ಮೇಲಿದೆ. ಅದನ್ನು ಒತ್ತಿ, ಸ್ಪ್ರಿಂಗ್ ತಳ್ಳುತ್ತಿದ್ದರೂ ಬಿಡದೆ ಅಲಗನ್ನು ಒಳಗೆ ಮಡಚಬೇಕು. ಹಿಡಿಯನ್ನು ಗಟ್ಟಿಯಾಗಿ ಅಮುಕದೆ ಆಗಲ್ಲ. ಅಮುಕಿದರೆ ಅಂಗೈ ಬಟನ್ ಮೇಲೆ ಬೀಳುತ್ತದೆ, ಅಲಗನ್ನು ಮುಚ್ಚಿದಂತೆ ಹಿಡಿದಿಡುವ ಒಳಗಿನ ಕೊಕ್ಕೆ ಅದನ್ನು ಕಚ್ಚುವುದೇ ಇಲ್ಲ. ಮುಚ್ಚಿತು ಅಂತ ಕೈ ಸಡಿಲ ಬಿಟ್ಟರೆ ಅಲಗು ಮತ್ತೆ ಎದ್ದು ಬರುತ್ತದೆ. ಬೆರಳು ಅಲ್ಲೇ ಇರುತ್ತದೆ, ಅಲ್ವಾ? ಜೀನ್ಸ್ ಜೇಬಿನಲ್ಲಂತೂ ಇದನ್ನು ಇಡಲೇಬೇಡಿ, ಬಟನ್ ಒತ್ತಿಕೊಂಡು ತೆರೆದುಬಿಡಬಹುದು. ಚರ್ಮದ ಒರೆಯಲ್ಲಿ ಹಾಕಿ ಸೊಂಟಕ್ಕೆ ಕಟ್ಟುವವರಿಗೆ ಪರವಾಗಿಲ್ಲ, ಒರೆ ಬಿಗಿಯಾಗಿದ್ದರೆ ಅಲಗು ತೆರೆಯಲು ಜಾಗ ಸಿಗಲ್ಲ.

ಮರದ ಮಟ್ಟಕ್ಕೇ ಉಜ್ಜಿದ ಬಟನ್ ನೋಡೋಕೆ ತುಂಬಾ ಚಂದ. ಆದರೆ ಒಗ್ಗರಣೆ ಹಾಕುತ್ತಿದ್ದ ಎಣ್ಣೆ ಕೈಯಲ್ಲಿ ಅಕ್ಕಿ ಚೀಲದ ಹೊಲಿಗೆ ಬಿಚ್ಚಲು ಹೋಗಿ ನೋಡಿ. ಹೆಬ್ಬೆರಳು ಜಾರುತ್ತದೆ. ಬಟನ್ ಎಲ್ಲಿದೆ ಅಂತ ಹುಡುಕಬೇಕು.

ನನಗೆ ಹಿಡಿಸಿದ್ದು ಮೂರನೆಯದು. ಬಟನ್ ಸುತ್ತ ಮರವನ್ನು ಸ್ವಲ್ಪ ತಗ್ಗು ಮಾಡಿ, ಬಟನ್ ತಲೆ ಆ ತಗ್ಗಿನೊಳಗೇ ನಿಲ್ಲುವಂತೆ ಕೂರಿಸಿದ್ದಾರೆ. ಕತ್ತಲಲ್ಲೂ ಹೆಬ್ಬೆರಳಿಗೆ ಸಿಗುತ್ತದೆ. ಮುಚ್ಚುವಾಗ ಅಂಗೈ ತಾಗಲ್ಲ. ಕೊಕ್ಕೆ ಕೂತಾಗ ಟಕ್ ಅನ್ನುತ್ತದೆ, ಆಗ ಕೈ ಬಿಡಬಹುದು. ಒಂದು ರಗಳೆ ಇದೆ: ತಗ್ಗಿನಲ್ಲಿ ಜೇಬಿನ ನೂಲು, ಧೂಳು ಸೇರಿ ಬಟನ್ ಅಂಟಿಕೊಳ್ಳುತ್ತದೆ. ಆಗಾಗ ಟೂತ್‌ಪಿಕ್ ಆಡಿಸಬೇಕು.

ಬಟನ್ ತಾನಾಗಿ ಒತ್ತಿಕೊಳ್ಳದಂತೆ ತಡೆಯುವ, ಪಕ್ಕದಲ್ಲಿ ಜಾರಿಸುವ ಸೇಫ್ಟಿ ಬೇಕಾ? ಉಬ್ಬಿದ ಬಟನ್‌ಗೆ ಬೇಕೇ ಬೇಕು. ತಗ್ಗಿನ ಬಟನ್‌ಗೆ ಸುಮ್ನೆ ಖರ್ಚು.

ಮಾಡಿಸುವ ಮುಂಚೆ ನಿಮ್ಮ ರಾಜ್ಯದ ಕಾನೂನು ನೋಡಿ. ಟೆಕ್ಸಾಸ್‌ನಲ್ಲಿ ಸ್ವಿಚ್‌ಬ್ಲೇಡ್ (ಇಂಥ ಬಟನ್ ಚಾಕು) ಮೇಲಿನ ನಿಷೇಧ 2013ರಲ್ಲೇ ಹೋಯಿತು. ಕ್ಯಾಲಿಫೋರ್ನಿಯಾದಲ್ಲಿ ಜೊತೆಗೆ ಒಯ್ಯಬೇಕಾದರೆ ಅಲಗು 2 ಇಂಚಿಗಿಂತ ಕಡಿಮೆ ಇರಬೇಕು, ಅಲ್ಲಿರುವವರು 110 ಆಟೊ ಆಸೆ ಬಿಡುವುದೇ ಒಳ್ಳೆಯದು.