ಲ್ಯಾಬ್ ಕ್ಲೋನ್ ಮಾಡುವ ಮುಂಚೆ ಆ ಒಂದು ಕೇಬಲ್ ಕಿತ್ತಿಡಿ

ಕಾಲೇಜು ಲ್ಯಾಬ್, ಟ್ರೈನಿಂಗ್ ಸೆಂಟರ್ ನೋಡಿಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಒಂದು ಸಿಸ್ಟಮ್‌ನ ಹಾರ್ಡ್ ಡಿಸ್ಕನ್ನು ನೆಟ್‌ವರ್ಕ್ ಮೂಲಕ 40 ಸಿಸ್ಟಮ್‌ಗಳಿಗೆ ಒಟ್ಟಿಗೆ ಹಾಕಲು ಹೋಗಿ, ನಮ್ಮ ಕಾಲೇಜು ಆಫೀಸಿನ ಒಂದು ಕಂಪ್ಯೂಟರನ್ನು ನಾನು ಅಳಿಸಿಬಿಟ್ಟೆ. ಅದರಲ್ಲಿ ಮಕ್ಕಳ ಸ್ಕಾಲರ್‌ಶಿಪ್ ಪಟ್ಟಿ ಇತ್ತು. ತಪ್ಪು ನನ್ನದೇ. ಸಾಫ್ಟ್‌ವೇರ್ ನಾನು ಹೇಳಿದ್ದನ್ನು ಹೇಳಿದ ಹಾಗೇ ಮಾಡಿತು.

ನಮ್ಮದು ಡಿಪ್ಲೊಮಾ ಕಾಲೇಜು. ಸೆಮಿಸ್ಟರ್ ಶುರುವಾಗುವ ಮುಂಚೆ ಲ್ಯಾಬಿನ ಎಲ್ಲಾ ಸಿಸ್ಟಮ್‌ಗೂ ಹೊಸದಾಗಿ ವಿಂಡೋಸ್, ಕಂಪೈಲರ್, ಕ್ಯಾಡ್ ಎಲ್ಲಾ ಹಾಕಬೇಕು. ಒಂದೊಂದಾಗಿ ಕೂತರೆ ವಾರ ಬೇಕು. ಅದಕ್ಕೇ ಒಂದನ್ನು ಸರಿಯಾಗಿ ಸಿದ್ಧ ಮಾಡಿ, ಅದರ ಇಮೇಜ್ (ಡಿಸ್ಕಿನ ಪೂರ್ತಿ ನಕಲು) ತೆಗೆದು, ಕ್ಲೋನ್‌ಜಿಲ್ಲಾ ಸರ್ವರ್‌ನಿಂದ ಉಳಿದವಕ್ಕೆ ಹಂಚುತ್ತೇನೆ. ತೈವಾನ್‌ನವರು ಮಾಡಿದ ಉಚಿತ ಸಾಫ್ಟ್‌ವೇರ್ ಅದು. ನನಗೆ ಈಗಲೂ ಅದರ ಮೇಲೆ ಗೌರವ ಇದೆ.

ಅದರಲ್ಲಿ ಮಲ್ಟಿಕಾಸ್ಟ್ ಅಂತ ಒಂದು ದಾರಿ ಇದೆ. ಮೈಕಿನಲ್ಲಿ ಹೇಳಿದ ಹಾಗೆ. ಸರ್ವರ್ ಒಂದೇ ಸಲ ಹೇಳುತ್ತದೆ, ಕೇಳಲು ನಿಂತವರೆಲ್ಲ ಕೇಳಿಸಿಕೊಳ್ಳುತ್ತಾರೆ. ನಮ್ಮ ಸ್ವಿಚ್ (ಎಲ್ಲಾ ಸಿಸ್ಟಮ್ ಕೇಬಲ್ ಬಂದು ಸೇರುವ ಪೆಟ್ಟಿಗೆ) ಹಳೇದು, 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಸೆಕೆಂಡಿಗೆ ಹೆಚ್ಚೆಂದರೆ 12 ಎಂಬಿ ಹೋಗುತ್ತದೆ. 38 ಜಿಬಿ ಇಮೇಜ್ ಅಂದರೆ ಸುಮಾರು ಒಂದು ಗಂಟೆ. ಒಂದು ಸಿಸ್ಟಮ್‌ಗೂ ಒಂದು ಗಂಟೆ, ನಲವತ್ತಕ್ಕೂ ಅದೇ ಒಂದು ಗಂಟೆ. ಇಷ್ಟು ಅನುಕೂಲ ಇರುವುದಕ್ಕೇ ಎಲ್ಲರೂ ಇದನ್ನು ಬಳಸುತ್ತೇವೆ. ಆದರೆ ಮೈಕ್ ಹಾಕಿದ ಮೇಲೆ ಯಾರು ಕೇಳುತ್ತಿದ್ದಾರೆ ಅಂತ ನೋಡಬೇಕು ಅಲ್ವಾ? ಅದನ್ನು ನಾನು ನೋಡಲಿಲ್ಲ.

ಎರಡನೇ ಶನಿವಾರ ಅಂತ ಬೇಕೆಂದೇ ಆರಿಸಿಕೊಂಡಿದ್ದೆ. ಆಫೀಸಿಗೆ ರಜ, ಮಕ್ಕಳೂ ಇರುವುದಿಲ್ಲ. ಸರ್ವರ್‌ಗೆ 40 ಅಂತ ಲೆಕ್ಕ ಕೊಟ್ಟೆ. ಅಂದರೆ 40 ಸಿಸ್ಟಮ್ ಬಂದು ಸೇರಿದ ತಕ್ಷಣ ತಾನಾಗಿ ಶುರು ಮಾಡು ಅಂತ. ಪ್ರತಿ ಸಿಸ್ಟಮ್‌ನಲ್ಲೂ 'ಡಿಸ್ಕ್ ಅಳಿಸಲೇ?' ಅಂತ ಕೇಳಿಸುವ ಆಯ್ಕೆಯೂ ಇದೆ. ನಲವತ್ತು ಕಡೆ ಹೋಗಿ ವೈ ಒತ್ತುವುದು ಯಾಕೆ ಅಂತ ಅದನ್ನು ಹಾಕಲಿಲ್ಲ.

ಸಾಲಾಗಿ ಪವರ್ ಬಟನ್ ಒತ್ತುತ್ತಾ ಬಂದೆ. ಎಲ್ಲವೂ ನೆಟ್‌ವರ್ಕ್‌ನಿಂದ ಬೂಟ್ ಆಗಿ, ಅಂದರೆ ತಮ್ಮ ಡಿಸ್ಕ್ ಬಿಟ್ಟು ಸರ್ವರ್ ಕೊಟ್ಟ ಫೈಲಿನಿಂದ ಚಾಲೂ ಆಗಿ, ಕಾಯುತ್ತಾ ನಿಂತವು. 28ನೇ ಸಿಸ್ಟಮ್ ಮಾತ್ರ 'ಮೀಡಿಯಾ ಟೆಸ್ಟ್ ಫೇಲ್ಯೂರ್, ಚೆಕ್ ಕೇಬಲ್' ಅಂತ ತೋರಿಸುತ್ತಿತ್ತು. ಲ್ಯಾನ್ ಕೇಬಲಿನ ಕ್ಲಿಪ್ ಮುರಿದಿತ್ತು. ಟೇಬಲ್ ಕೆಳಗೆ ಕೂತು ಹೊಸ ಕೇಬಲ್ ಹಾಕುತ್ತಿದ್ದೆ. ತಲೆ ಎತ್ತಿ ನೋಡಿದರೆ ಎದುರಿನ ಸಾಲಿನಲ್ಲಿ ಎಲ್ಲಾ ಸ್ಕ್ರೀನ್ ಮೇಲೂ ಪರ್ಸೆಂಟ್ ಪಟ್ಟಿ ಓಡುತ್ತಿದೆ.

ಆಗ ನಾನು ಅಲ್ಲೇ ನಿಂತು ಲೆಕ್ಕ ಹಾಕಬೇಕಿತ್ತು. ಲ್ಯಾಬಿನಲ್ಲಿ ಸೇರಿದ್ದು 39. ಇಪ್ಪತ್ತೆಂಟು ಇನ್ನೂ ಸೇರೇ ಇಲ್ಲ. ಹಾಗಾದರೆ ನಲವತ್ತನೆಯದು ಯಾವುದು? ನಾನು ಮಾತ್ರ, ಕಾಯುವ ಟೈಮ್ ಮುಗಿದು ಶುರುವಾಗಿರಬೇಕು ಅಂದುಕೊಂಡೆ. ಟೈಮ್ ನಾನು ಕೊಟ್ಟೇ ಇರಲಿಲ್ಲ, ಕೊಟ್ಟಿದ್ದು ಬರೀ ಲೆಕ್ಕ. ಅದು ನೆನಪಾಗಲಿಲ್ಲ. ಇಪ್ಪತ್ತೆಂಟನ್ನು ಆಮೇಲೆ ಬೇರೆಯಾಗಿ ಮಾಡಿದರಾಯಿತು ಅಂತ ಟೀ ಕುಡಿಯಲು ಹೊರಟೆ.

ಸುಮಾರು ಹನ್ನೆರಡು ನಿಮಿಷ ಆಗಿತ್ತು. ಆಫೀಸಿನ ಎಫ್‌ಡಿಎ ಮೇಡಂ ಫೋನ್ ಮಾಡಿದರು.

"ಸರ್, ಕಾಲೇಜಲ್ಲೇ ಇದೀರಾ? ಸ್ಕಾಲರ್‌ಶಿಪ್ ಲಿಸ್ಟ್ ಮುಗಿಸೋಣ ಅಂತ ಬಂದೆ. ನನ್ ಸಿಸ್ಟಮ್‌ನಲ್ಲಿ ಪರ್ಸೆಂಟ್ ಓಡ್ತಾ ಇದೆ. ಅಪ್‌ಡೇಟ್ ಇರ್ಬೇಕು ಅಂತ ಕಾಯ್ತಾ ಕೂತಿದೀನಿ. ಎಷ್ಟೊತ್ತಾಗುತ್ತೆ?"

ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಹೋದವನೇ ಪ್ಲಗ್ ಕಿತ್ತೆ. ಅಷ್ಟರಲ್ಲಿ 8 ಜಿಬಿಯಷ್ಟು ಅವರ ಡಿಸ್ಕ್ ಮೇಲೆ ಬರೆದಾಗಿತ್ತು.

ಆಗಿದ್ದು ಇಷ್ಟು. ಲ್ಯಾಬಿನ ಸ್ವಿಚ್‌ನಿಂದ ಆಫೀಸಿಗೆ ಇಂಟರ್ನೆಟ್‌ಗೋಸ್ಕರ ಒಂದು ಕೇಬಲ್ ಹೋಗುತ್ತದೆ. ನನ್ನ ಸರ್ವರ್ ಕೊಡುವ ಬೂಟ್ ಫೈಲ್ ಅದೇ ದಾರಿಯಲ್ಲಿ ಆಫೀಸಿಗೂ ತಲುಪುತ್ತಿತ್ತು. ಮೂರು ವರ್ಷದ ಹಿಂದೆ ಆಫೀಸ್ ಸಿಸ್ಟಮ್‌ಗಳನ್ನೂ ನಾನೇ ಹೀಗೆ ಕ್ಲೋನ್ ಮಾಡಿದ್ದೆ. ಆಗ ಬಯಾಸ್‌ನಲ್ಲಿ (ಆನ್ ಮಾಡಿದ ತಕ್ಷಣ ಓಡುವ ಮೂಲ ಸೆಟ್ಟಿಂಗ್) ಬೂಟ್ ಆರ್ಡರ್, ಅಂದರೆ ಎಲ್ಲಿಂದ ಮೊದಲು ಚಾಲೂ ಆಗಬೇಕು ಅನ್ನುವುದನ್ನು, 'ನೆಟ್‌ವರ್ಕ್ ಮೊದಲು' ಅಂತ ಇಟ್ಟವನು ವಾಪಸ್ ಬದಲಾಯಿಸಲೇ ಇಲ್ಲ. ದಿನಾ ಬೆಳಿಗ್ಗೆ ಅವು ನೆಟ್‌ವರ್ಕ್‌ನಲ್ಲಿ ಹುಡುಕಿ, ಯಾರೂ ಸಿಗದೆ, ಹಾರ್ಡ್ ಡಿಸ್ಕ್‌ಗೆ ಬರುತ್ತಿದ್ದವು. ಅವತ್ತು ನನ್ನ ಸರ್ವರ್ ಸಿಕ್ಕಿತು.

ಡೇಟಾ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾರಿಗಾದರೂ ಬೇಕಾಗಬಹುದು. ಕ್ಲೋನ್ ಶುರುವಾದ ತಕ್ಷಣ ಮೊದಲು ಹೋಗುವುದು ಪಾರ್ಟಿಷನ್ ಟೇಬಲ್, ಅಂದರೆ ಡಿಸ್ಕಿನಲ್ಲಿ ಸಿ, ಡಿ ಡ್ರೈವ್ ಎಲ್ಲೆಲ್ಲಿವೆ ಅನ್ನುವ ಪಟ್ಟಿ. ಆಮೇಲೆ ಹೊಸ ಡೇಟಾ ಡಿಸ್ಕಿನ ಆರಂಭದ ಕಡೆಯಿಂದ ಬರುತ್ತಾ ಹೋಗುತ್ತದೆ. ಹಾಗಾಗಿ ಇಂಥದ್ದು ಆದರೆ ಯೋಚಿಸದೆ ಪವರ್ ತೆಗೆಯಿರಿ. ಮತ್ತೆ ಆನ್ ಮಾಡಬೇಡಿ. ಡಿಸ್ಕ್ ಬಿಚ್ಚಿ, ಬೇರೆ ಡಿಸ್ಕ್‌ಗೆ ಅದರ ಪೂರ್ತಿ ನಕಲು ತೆಗೆದು, ನಕಲಿನ ಮೇಲೆ ಕೆಲಸ ಮಾಡಿ. ಟೆಸ್ಟ್‌ಡಿಸ್ಕ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿದಾಗ ಡಿ ಡ್ರೈವ್ ಹೆಸರು, ಫೋಲ್ಡರ್ ಸಮೇತ ಸಿಕ್ಕಿತು. ಅದು ಡಿಸ್ಕಿನ ಕೊನೆಯ ಭಾಗದಲ್ಲಿತ್ತು, ಇಮೇಜ್ ಅಲ್ಲಿಗೆ ತಲುಪಿರಲಿಲ್ಲ. ಆದರೆ ಮೇಡಂ ಕೆಲಸ ಎಲ್ಲಾ ಡೆಸ್ಕ್‌ಟಾಪ್ ಮೇಲೆ. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವ್‌ನಲ್ಲಿ. ಅಲ್ಲಿಂದ ಫೋಟೋರೆಕ್ ಅನ್ನುವ ಇನ್ನೊಂದು ಉಚಿತ ಸಾಫ್ಟ್‌ವೇರ್ ಒಂದಷ್ಟು ಫೈಲ್ ಎತ್ತಿಕೊಟ್ಟಿತು, ಹೆಸರಿಲ್ಲದೆ. ಎಫ್ ಅಕ್ಷರ, ಮುಂದೆ ಏಳು ಅಂಕಿ, ಅಷ್ಟೇ. ನುಡಿಯಲ್ಲಿ ಟೈಪ್ ಮಾಡಿದ ಪತ್ರಗಳನ್ನು ಒಂದೊಂದೇ ತೆರೆದು, ಇದು ಯಾವ ವರ್ಷದ್ದು ಅಂತ ಮೇಡಂ ಪಕ್ಕದಲ್ಲಿ ಕೂತು ಹೇಳಬೇಕಾಯಿತು. ಬೇಕಿದ್ದ ಸ್ಕಾಲರ್‌ಶಿಪ್ ಪಟ್ಟಿ ಮಾತ್ರ ಸಿಗಲೇ ಇಲ್ಲ. ಇದು ಹಳೇ ಹಾರ್ಡ್ ಡಿಸ್ಕ್ ಆಗಿದ್ದಕ್ಕೆ ಇಷ್ಟಾದರೂ ಬಂತು. ಎಸ್‌ಎಸ್‌ಡಿಯಲ್ಲಿ ಇಷ್ಟೂ ಆಸೆ ಇಟ್ಟುಕೊಳ್ಳುವ ಹಾಗಿಲ್ಲ.

ಇದೆಲ್ಲಾ ಸಣ್ಣ ಕಾಲೇಜಿನಲ್ಲಿ ಮಾತ್ರ ಆಗುವುದಲ್ಲ. 2014ರ ಮೇ ತಿಂಗಳಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ವಿಂಡೋಸ್ 7 ಇಮೇಜ್ ತಪ್ಪಿ ಎಲ್ಲಾ ವಿಂಡೋಸ್ ಕಂಪ್ಯೂಟರ್‌ಗಳಿಗೂ ಹೊರಟಿತ್ತು. ಅದನ್ನು ಕಳಿಸುತ್ತಿದ್ದ ಸರ್ವರ್ ಕೂಡ ತನ್ನನ್ನೇ ಫಾರ್ಮ್ಯಾಟ್ ಮಾಡಿಕೊಂಡಿತು. ಒಂದು ಕಡೆ ಕೂತು ಎಷ್ಟೋ ಯಂತ್ರ ಮುಟ್ಟಬಹುದು ಅಂದಾಗ, ಮುಟ್ಟಬಾರದ್ದೂ ಅಷ್ಟೇ ಹತ್ತಿರ ಇರುತ್ತದೆ.

ಈಗ ನಾನು ಶುರು ಮಾಡುವ ಮುಂಚೆ ಲ್ಯಾಬ್ ಸ್ವಿಚ್‌ನಿಂದ ಹೊರಗೆ ಹೋಗುವ ಕೇಬಲ್ ಕಿತ್ತು, ಸರ್ವರಿನ ಕೀಬೋರ್ಡ್ ಮೇಲೆ ತಂದಿಡುತ್ತೇನೆ. ಕಣ್ಣಿಗೆ ಕಾಣಬೇಕು. ಇಂಟರ್ನೆಟ್ ಒಂದು ಗಂಟೆ ಇಲ್ಲದಿದ್ದರೆ ಯಾರಿಗೂ ಏನೂ ಆಗುವುದಿಲ್ಲ. 'ಡಿಸ್ಕ್ ಅಳಿಸಲೇ?' ಅಂತ ಕೇಳುವ ಆ ಆಯ್ಕೆಯನ್ನೂ ಹಾಕುತ್ತೇನೆ. ನಲವತ್ತು ಸಲ ವೈ ಒತ್ತಲು ಹತ್ತು ನಿಮಿಷ ಸಾಕು. ಲ್ಯಾಬಿನ ಮ್ಯಾಕ್ ಅಡ್ರೆಸ್‌ಗಳಿಗೆ (ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಇರುವ ಗುರುತು ಸಂಖ್ಯೆ) ಮಾತ್ರ ಉತ್ತರ ಕೊಡುವ ಹಾಗೆ, ಸಿಸ್ಟಮ್‌ಗಳಿಗೆ ನೆಟ್‌ವರ್ಕ್ ವಿಳಾಸ ಕೊಡುವ ಡಿಎಚ್‌ಸಿಪಿಯನ್ನು ಕಟ್ಟಿಹಾಕುವುದೂ ಒಳ್ಳೆಯದು. ಪದೇ ಪದೇ ಈ ಕೆಲಸ ಇರುವವರು ಫಾಗ್ ಅನ್ನುವ ಕ್ಲೋನಿಂಗ್ ಸಾಫ್ಟ್‌ವೇರ್ ನೋಡಿ. ಅದರಲ್ಲಿ ಮೊದಲೇ ನೋಂದಾಯಿಸಿ, ಹೆಸರು ಹಿಡಿದು ಕೆಲಸ ಕೊಟ್ಟ ಸಿಸ್ಟಮ್‌ಗೆ ಮಾತ್ರ ಇಮೇಜ್ ಹೋಗುತ್ತದೆ. ಮುಗಿದ ಮೇಲೆ ಸರ್ವರ್ ಸ್ಟಾಪ್ ಮಾಡಲು ಮರೆಯಬೇಡಿ, ಸೋಮವಾರ ಬೆಳಿಗ್ಗೆ ಇನ್ನೊಬ್ಬರು ಬಂದು ಆನ್ ಮಾಡುತ್ತಾರೆ.

ಪಟ್ಟಿಯನ್ನು ಅರ್ಜಿಗಳಿಂದ ಮತ್ತೆ ಟೈಪ್ ಮಾಡಿದೆವು. ಮೇಡಂ ಓದಿದರು, ನಾನು ಒತ್ತಿದೆ. ಹೆಸರು, ತಂದೆ ಹೆಸರು, ಖಾತೆ ಸಂಖ್ಯೆ. ಖಾತೆ ಸಂಖ್ಯೆಯನ್ನು ಎರಡೆರಡು ಸಲ ಓದಿಸಿಕೊಂಡೆ. ಎರಡು ದಿನ ಹಿಡಿಯಿತು. ಮೇಡಂ ಬೇರೆ ಒಂದು ಮಾತೂ ಆಡಲಿಲ್ಲ.

ಅದು ಮುಗಿದ ಸಂಜೆ ಆಫೀಸಿನ ಆರೂ ಸಿಸ್ಟಮ್‌ಗಳ ಬಯಾಸ್ ತೆರೆದು ನೋಡಿದೆ. ನಾಲ್ಕರಲ್ಲಿ ನೆಟ್‌ವರ್ಕ್ ಮೊದಲು ಅಂತಲೇ ಇತ್ತು. ಅದರಲ್ಲಿ ಒಂದು ಅಕೌಂಟ್ಸ್ ಸೆಕ್ಷನ್ನಿನದು.