1990–97ರ ಮಾಜ್ದಾ ಮಿಯಾಟಾ: ಮಾರುವಾಗ ಬೆಲೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಸೋರುತ್ತದೆ

ಹಳೆಯ ಓಪನ್ ಟಾಪ್ ಕಾರುಗಳ ಪೈಕಿ ಅಮೆರಿಕದಲ್ಲಿ ಸಲೀಸಾಗಿ ಕೈಬದಲಾಗುವುದು ಮೊದಲ ತಲೆಮಾರಿನ ಮಿಯಾಟಾ. 1989ರ ಫೆಬ್ರುವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಕಾಣಿಸಿಕೊಂಡಾಗ ಇದರ ಬೆಲೆ 13,800 ಡಾಲರ್. ಎರಡೇ ಸೀಟು, ಒಂದು ಟನ್ನಿನ ಆಸುಪಾಸು ತೂಕ, 1.6 ಲೀಟರ್ ಎಂಜಿನ್, 116 ಅಶ್ವಶಕ್ತಿ; 1994ರಿಂದ 1.8 ಲೀಟರ್, 128 ಅಶ್ವಶಕ್ತಿ. ಓಡಿಸುವ ಸುಖದ ಬಗ್ಗೆ ಬೇಕಾದಷ್ಟು ಬರೆದವರಿದ್ದಾರೆ. ಇಲ್ಲಿ ನೋಡುವುದು ಚೆನ್ನಾಗಿಟ್ಟ ಕಾರನ್ನು ಕ್ಯಾಲಿಫೋರ್ನಿಯಾದಲ್ಲಿ ಮಾರಲು ಹೊರಟರೆ ಅದು ಎಂಥ ಸರಕು, ಯಾವ ಖರ್ಚು ವಾಪಸ್ ಬರುತ್ತದೆ, ಯಾವುದು ದಂಡ ಎಂಬುದನ್ನು.

ಬೆಲೆ ನಿರ್ಧರಿಸುವುದು ಎಂಜಿನ್ ಅಲ್ಲ, ನೀರು. ಮಡಿಸುವ ಛಾವಣಿಯ ಮೇಲೆ ಬಿದ್ದ ಮಳೆ ಹಿಂಬದಿಯ ಪ್ಲಾಸ್ಟಿಕ್ ರೈನ್ ರೈಲಿಗೆ, ಅಂದರೆ ನೀರು ಹಿಡಿಯುವ ದೋಣಿಗೆ, ಇಳಿದು, ಸೀಟುಗಳ ಹಿಂದೆ ಎಡಬಲಕ್ಕಿರುವ ಎರಡು ಡ್ರೈನ್ ಕೊಳವೆಗಳ ಮೂಲಕ ಹಿಂಚಕ್ರದ ಮುಂದೆ ಕೆಳಗೆ ಬೀಳಬೇಕು. ಎಲೆ, ಧೂಳು, ಪೈನ್ ಸೂಜಿ ಸೇರಿ ಕೊಳವೆ ಕಟ್ಟಿಕೊಂಡರೆ ಅದೇ ನೀರು ಬಾಗಿಲ ಕೆಳಗಿನ ಸಿಲ್ ಒಳಗೆ ನಿಂತು, ಒಳಗಿನಿಂದಲೇ ತಗಡು ತಿನ್ನುತ್ತದೆ. ಹೊರಗೆ ಬಣ್ಣದಡಿ ಗುಳ್ಳೆ ಕಾಣುವ ಹೊತ್ತಿಗೆ ಒಳಪದರ ಹೋಗಿರುತ್ತದೆ. ತಿಳಿದ ಗಿರಾಕಿ ಬಂದವನೇ ಎಂಜಿನ್ ನೋಡುವುದಿಲ್ಲ. ಮಂಡಿಯೂರಿ ಹಿಂಚಕ್ರದ ಮುಂದಿನ ಸಿಲ್ ತುದಿಗೆ ಆಯಸ್ಕಾಂತ ಹಿಡಿಯುತ್ತಾನೆ. ಪುಟ್ಟಿ ತುಂಬಿದ ಕಡೆ ಅದು ಅಂಟುವುದಿಲ್ಲ.

ಹಾಗಾಗಿ ಜಾಹೀರಾತಿಗೆ ಮೊದಲು ಡ್ರೈನ್ ಪರೀಕ್ಷೆ ಆಗಲಿ. ಛಾವಣಿ ಅರ್ಧ ಎತ್ತಿ, ಪ್ರತಿ ಬದಿಗೂ ಅರ್ಧ ಲೀಟರ್ ನೀರು ನಿಧಾನವಾಗಿ ಸುರಿಯಿರಿ. ತಡೆಯಿಲ್ಲದೆ ಕೆಳಗೆ ಬಂದರೆ ಸರಿ. ಬಾರದಿದ್ದರೆ ಗಟ್ಟಿ ತಂತಿ ತುರುಕಬೇಡಿ: ಕೊಳವೆ ಮೆತ್ತಗಿನದು, ತೂತಾಗುತ್ತದೆ. ದಪ್ಪ ನೈಲಾನ್ ದಾರವೋ ಟ್ರಿಮ್ಮರ್ ಲೈನೋ ಸಾಕು. ಆಮೇಲೆ ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ ಕೈಯಿಟ್ಟು ನೋಡಿ. ತೇವವಿದ್ದರೆ ಒಣಗಿಸಿಯೇ ಫೋಟೋ ತೆಗೆಯಬೇಕು. ಒಣ ಸಿಲ್‌ನ ಹತ್ತಿರದ ಫೋಟೋ ಹತ್ತು ಹೊಳೆಯುವ ಫೋಟೋಗಳಿಗಿಂತ ಹೆಚ್ಚು ಗಿರಾಕಿಗಳನ್ನು ತರುತ್ತದೆ.

ಛಾವಣಿಯದು ಇನ್ನೊಂದು ಲೆಕ್ಕ. ಮೂಲ ಛಾವಣಿಯ ಹಿಂಬದಿ ಕಿಟಕಿ ಪಾರದರ್ಶಕ ಪ್ಲಾಸ್ಟಿಕ್. ಕೆಳಗಿಳಿಸುವ ಮೊದಲು ಜಿಪ್ ಬಿಚ್ಚಿ ಕಿಟಕಿಯನ್ನು ಚಪ್ಪಟೆಯಾಗಿ ಮಲಗಿಸದಿದ್ದರೆ, ಅದರಲ್ಲೂ ಚಳಿಯಲ್ಲಿ, ಮಡಿಕೆ ಬಿದ್ದು ಸೀಳುತ್ತದೆ. ಬರೀ ಮಬ್ಬಾಗಿದ್ದರೆ ಪ್ಲಾಸ್ಟಿಕ್ ಪಾಲಿಶ್ ಹಾಕಿ ಬಿಡಿ. ಬಟ್ಟೆ ಹರಿದಿದ್ದರೆ ಗೊಂದಲ: ಹೊಸ ಛಾವಣಿ ಕೂರಿಸುವುದು ಅನುಭವಿಗೂ ಅರ್ಧ ದಿನದ ಕೆಲಸ, ಅಷ್ಟಾದರೂ ಆ ಖರ್ಚು ಪೂರ್ತಿ ಬೆಲೆಗೆ ಸೇರುವುದಿಲ್ಲ. ಹರಿದದ್ದನ್ನು ಹರಿದದ್ದು ಎಂದೇ ಬರೆದು, ಅಷ್ಟು ಬೆಲೆ ಇಳಿಸುವುದೇ ಮೇಲು. ಹೊಸ ಛಾವಣಿಯ ಬಣ್ಣ ಯಾವುದು, ಕಿಟಕಿ ಗಾಜೋ ಪ್ಲಾಸ್ಟಿಕ್ಕೋ ಎಂದು ಗಿರಾಕಿಯೇ ಆರಿಸಿಕೊಳ್ಳಲಿ.

ಕಾರ್ಖಾನೆಯ ಹಾರ್ಡ್‌ಟಾಪ್, ಅಂದರೆ ಕಳಚಿ ಹಾಕುವ ಗಟ್ಟಿ ಛಾವಣಿ, ಇದ್ದರೆ ಅದೃಷ್ಟ. ಸುಮಾರು 20 ಕಿಲೋ ತೂಗುವ ಆ ಮುಚ್ಚಳ ಮುಂದಿನ ತಲೆಮಾರಿನ, ಅಂದರೆ 2005ರವರೆಗಿನ ಕಾರಿಗೂ ಕೂರುತ್ತದೆ. ಹಾಗಾಗಿ ಬೇಡಿಕೆ ಇಮ್ಮಡಿ. ಬೇರೆಯಾಗಿ ಮಾರಿದರೆ ಒಟ್ಟು ಹಣ ಸಾಮಾನ್ಯವಾಗಿ ಜಾಸ್ತಿ ಬರುತ್ತದೆ.

ಎಂಜಿನ್ ಗಟ್ಟಿ, ಆದರೆ ಅದಕ್ಕೂ ಒಂದು ಕಳಂಕವಿದೆ. 1990ರ ಮತ್ತು 1991ರ ಆರಂಭದ 1.6 ಎಂಜಿನ್‌ಗಳಲ್ಲಿ ಪುಲ್ಲಿ ಕೂರುವ ಕ್ರ್ಯಾಂಕ್ ಶಾಫ್ಟಿನ ಮುಂತುದಿ, ಅಂದರೆ ಮೂತಿ, ಗಿಡ್ಡ. ಬೋಲ್ಟ್ ಸಡಿಲವಾಗಿ ಕೂತರೆ ಪುಲ್ಲಿಯನ್ನು ಜಾರದಂತೆ ಹಿಡಿಯುವ ಲೋಹದ ಕೀ ಸವೆದು ಪುಲ್ಲಿ ತೂಗಾಡುತ್ತದೆ, ಟೈಮಿಂಗ್ ಜಾರುತ್ತದೆ, ಶಕ್ತಿ ಇಳಿಯುತ್ತದೆ. ಗುರುತು ಸುಲಭ: ಗಿಡ್ಡ ಮೂತಿಯ ಪುಲ್ಲಿಯಲ್ಲಿ ನಾಲ್ಕು ಸೀಳು, ಉದ್ದದ್ದರಲ್ಲಿ ಎಂಟು. ಐಡಲ್‌ನಲ್ಲಿ ಮೇಲಿಂದ ಪುಲ್ಲಿಯ ವಿಡಿಯೋ ಇಪ್ಪತ್ತು ಸೆಕೆಂಡ್ ತೆಗೆದು ಹಾಕಿದರೆ ಆ ಪ್ರಶ್ನೆ ಮತ್ತೆ ಬರುವುದಿಲ್ಲ.

ಟೈಮಿಂಗ್ ಬೆಲ್ಟ್ 60,000 ಮೈಲಿಗೊಮ್ಮೆ. ತುಂಡಾದರೂ ಈ ಎಂಜಿನ್‌ನಲ್ಲಿ ವಾಲ್ವ್ ಬಾಗುವುದಿಲ್ಲ, ಆದರೂ ರಸೀದಿ ಕೇಳದ ಗಿರಾಕಿಯಿಲ್ಲ. ವಾಟರ್ ಪಂಪ್ ತಿರುಗುವುದು ಹೊರಗಿನ ಆಲ್ಟರ್ನೇಟರ್ ಬೆಲ್ಟಿಗೆ, ಆದರೆ ಅದನ್ನು ಬದಲಿಸಲು ಟೈಮಿಂಗ್ ಬೆಲ್ಟ್ ಬಿಚ್ಚಬೇಕಾದ್ದರಿಂದ ಎರಡೂ ಒಟ್ಟಿಗೆ ಆಗಿರಬೇಕು. ರೇಡಿಯೇಟರಿನ ಪ್ಲಾಸ್ಟಿಕ್ ಮೇಲ್ತೊಟ್ಟಿ ಕಪ್ಪಿನಿಂದ ಕಂದು ಬಣ್ಣಕ್ಕೆ ತಿರುಗಿದ್ದರೆ ಸಾವು ಹತ್ತಿರ. ಇದನ್ನು ಮಾತ್ರ ಬದಲಿಸಿಯೇ ಮಾರಿ, ಖರ್ಚು ಕಮ್ಮಿ, ಭಯ ಹೆಚ್ಚು. ಎಂಜಿನ್ ಹಿಂಬದಿಯ ಎಣ್ಣೆ ಒಸರಿಕೆ ನೋಡಿ ಕ್ರ್ಯಾಂಕ್ ಶಾಫ್ಟಿನ ಹಿಂತುದಿಯ ರಿಯರ್ ಮೇನ್ ಸೀಲ್ ಹೋಯಿತೆಂದು ಗಾಬರಿ ಬೀಳುವವರಿದ್ದಾರೆ. ಬಹುತೇಕ ಅದು ಕ್ಯಾಮ್ ಆಂಗಲ್ ಸೆನ್ಸರಿನ ಓ-ರಿಂಗ್, ಪುಡಿಗಾಸಿನ ರಬ್ಬರ್. ಬೆಳಗಿನ ಟಿಕ್‌ಟಿಕ್ ಹೈಡ್ರಾಲಿಕ್ ಲಿಫ್ಟರುಗಳದ್ದು. ಎಣ್ಣೆ ಬದಲಿಸಿ ಬಿಸಿ ಮಾಡಿದರೆ ಹೆಚ್ಚಾಗಿ ಅಡಗುತ್ತದೆ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆದು ಬರೆದಿಡುವುದು ಒಳ್ಳೆಯದು: 1.6ಕ್ಕೆ ಮಾನದಂಡ 192 ಪಿಎಸ್‌ಐ, ಸಿಲಿಂಡರುಗಳ ನಡುವೆ 28ಕ್ಕಿಂತ ಹೆಚ್ಚು ಅಂತರ ಇರಕೂಡದು.

ಬ್ಯಾಟರಿ ಡಿಕ್ಕಿಯಲ್ಲಿದೆ. ಗಾಳಿಕೊಳವೆ ಜೋಡಿಸದೆ ಸಾದಾ ಬ್ಯಾಟರಿ ಇಟ್ಟ ಕಾರುಗಳಲ್ಲಿ ಆ ಮೂಲೆ ಆಮ್ಲಕ್ಕೆ ತುಕ್ಕು ಹಿಡಿದಿರುತ್ತದೆ. ಡಿಕ್ಕಿ ಚಾಪೆ ತೆಗೆದು ಫೋಟೋ ಹಾಕಿ.

ಕಾರ್ಖಾನೆಯಲ್ಲಿ ಅಂಟಿಸಿದ ವಿಐಎನ್ (ಕಾರಿನ ಗುರುತಿನ ಸಂಖ್ಯೆ) ಸ್ಟಿಕ್ಕರುಗಳು ಫೆಂಡರ್, ಬಾನೆಟ್, ಬಾಗಿಲು, ಡಿಕ್ಕಿಯಲ್ಲಿ ಉಳಿದಿದ್ದರೆ ಅದೇ ದೊಡ್ಡ ಸಾಕ್ಷಿ: ಕಾರು ಗುದ್ದಿಸಿಕೊಂಡಿಲ್ಲ. ಒಂದೊಂದರ ಫೋಟೋ ತೆಗೆಯಿರಿ, ಜಾಹೀರಾತಿನಲ್ಲಿ ಸಂಖ್ಯೆಯ ಕೊನೆಯ ಅಂಕಿಗಳನ್ನು ಬೇಕಾದರೆ ಮುಚ್ಚಿ. 1991ರ ಬ್ರಿಟಿಷ್ ರೇಸಿಂಗ್ ಗ್ರೀನ್, 1993ರ ಕಪ್ಪು ಲಿಮಿಟೆಡ್ ಎಡಿಷನ್‌ಗಳಿಗೆ ಬೆಲೆ ಬೇರೆ. ಮೊದಲನೆಯದು ಅಮೆರಿಕಕ್ಕೆ ಬಂದದ್ದು 4,000, ಎರಡನೆಯದು 1,500. ಅಂಥ ಕಾರಿನ ಸೀಟು, ಸ್ಟೀರಿಂಗ್ ಬದಲಾಗಿದ್ದರೆ ವಿಶೇಷವೆಂಬ ಮಾತೇ ಬಿದ್ದುಹೋಗುತ್ತದೆ. ಸಾಮಾನ್ಯ ಕಾರಿಗೂ ಇದೇ ನೀತಿ: ತಗ್ಗಿಸಿದ ಸಸ್ಪೆನ್ಷನ್, ಗದ್ದಲದ ಸೈಲೆನ್ಸರ್ ಬೆಲೆ ಇಳಿಸುತ್ತವೆ. ಮೂಲ ಭಾಗಗಳಿದ್ದರೆ ವಾಪಸ್ ಹಾಕಿ, ಬಿಡಿಭಾಗ ಬೇರೆಯಾಗಿ ಮಾರಿ.

ಒಂದೇ ಹಿಂಚಕ್ರ ಜಾರಿ ಸುತ್ತದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದೆ ಎಂದು ಬರೆಯುವ ಮುನ್ನ ಪರೀಕ್ಷಿಸಿ: ಮುಂಚಕ್ರಕ್ಕೆ ಅಡ್ಡ ಕೊಟ್ಟು, ಎರಡೂ ಹಿಂಚಕ್ರ ಎತ್ತಿ, ನ್ಯೂಟ್ರಲ್‌ನಲ್ಲಿ ಒಂದನ್ನು ತಿರುಗಿಸಿದಾಗ ಇನ್ನೊಂದೂ ಅದೇ ದಿಕ್ಕಿಗೆ ತಿರುಗಬೇಕು. 1.6ರಲ್ಲಿ ಬರುವ, ದಪ್ಪ ದ್ರವದಿಂದ ಕೆಲಸ ಮಾಡುವ ವಿಸ್ಕಸ್ ಘಟಕ ಸವೆದಿದ್ದರೆ ಇದ್ದೂ ಇಲ್ಲದಂತೆ. 1994ರಿಂದ ಬಂದ, ಗಿಯರುಗಳಿಂದ ಕೆಲಸ ಮಾಡುವ ಟಾರ್ಸೆನ್ ಬಾಳಿಕೆಯದ್ದು.

ಎಲ್ಲಿ ಮಾರುವುದು? ಡೀಲರ್ ಮತ್ತು ಕೂಡಲೇ ಬೆಲೆ ಹೇಳುವ ಕಂಪನಿಗಳು ವಯಸ್ಸು, ಮೈಲಿ ಮಾತ್ರ ನೋಡುತ್ತವೆ. ಒಣ ಸಿಲ್‌ಗೆ ಅಲ್ಲಿ ಕಾಸಿಲ್ಲ. ಮೈಲಿ ಕಡಿಮೆ, ಬಣ್ಣ ಮೂಲದ್ದು, ರಸೀದಿ ಪೂರ್ತಿ ಇದ್ದರೆ ಬ್ರಿಂಗ್ ಎ ಟ್ರೇಲರ್ ಅಥವಾ ಕಾರ್ಸ್ ಆಂಡ್ ಬಿಡ್ಸ್ ಜಾಲತಾಣದ ಹರಾಜು ಲಾಭ. ಕಮಿಷನ್ ಕೊಳ್ಳುವವನ ತಲೆಗೆ. ಆದರೆ ಅಲ್ಲಿನ ಓದುಗರು ಒಂದು ಸ್ಕ್ರೂ ಬದಲಾದರೂ ಹಿಡಿಯುತ್ತಾರೆ, ಹರಾಜಿನ ದಿನಗಳುದ್ದಕ್ಕೂ ಉತ್ತರಿಸುತ್ತಲೇ ಇರಬೇಕು. ಸುಮ್ಮನಿದ್ದರೆ ಕೂಗು ನಿಲ್ಲುತ್ತದೆ. ಎರಡು ಲಕ್ಷ ಮೈಲಿ ಓಡಿದ ಆರೋಗ್ಯವಂತ ಕಾರಿಗೆ ಸ್ಥಳೀಯ ಜಾಹೀರಾತೇ ಸಾಕು, ಮಾರ್ಚ್–ಮೇ ತಿಂಗಳಲ್ಲಿ.

ಕ್ಯಾಲಿಫೋರ್ನಿಯಾದಲ್ಲಿ ಸ್ಮಾಗ್ (ಹೊಗೆ ತಪಾಸಣೆಯ) ಪ್ರಮಾಣಪತ್ರ ಮಾರುವವರ ಹೊಣೆ, ಅವಧಿ 90 ದಿನ. ಈ ಕಾರುಗಳು ಇಲ್ಲಿ ಎಡವುವ ಕಾರಣ ಬಹಳಷ್ಟು ಸಲ ಒಡೆಯನ ಉತ್ಸಾಹ: ಎಳೆತ ಹೆಚ್ಚಲೆಂದು ಇಗ್ನಿಷನ್ ಟೈಮಿಂಗ್ 14 ಡಿಗ್ರಿಗೆ ತಿರುಗಿಸಿರುತ್ತಾರೆ. ಡಯಾಗ್ನೋಸ್ಟಿಕ್ ಪೆಟ್ಟಿಗೆಯಲ್ಲಿ ಟಿಇಎನ್, ಜಿಎನ್‌ಡಿ ಪಿನ್ನುಗಳಿಗೆ ತಂತಿ ಜೋಡಿಸಿ, ಟೈಮಿಂಗ್ ಲೈಟ್ ಹಿಡಿದು 10ಕ್ಕೆ ತನ್ನಿ. ರಾಜ್ಯದ ಅನುಮತಿ ಸಂಖ್ಯೆಯಿಲ್ಲದ ಏರ್ ಇನ್‌ಟೇಕ್ ಇದ್ದರೆ ಕಣ್ಣಲ್ಲಿ ನೋಡುವ ತಪಾಸಣೆಯಲ್ಲೇ ಫೇಲ್. ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಓಡಿಸಿ, ಹೊಗೆ ಶುದ್ಧಮಾಡುವ ಕ್ಯಾಟಲಿಸ್ಟ್ ಬಿಸಿಯಿದ್ದಾಗಲೇ ತಪಾಸಣೆಗೆ ಬಿಡಿ.

ಮಾರುವ ಬದಲು ಬೆಂಗಳೂರಿಗೇ ಸಾಗಿಸಿದರೆ ಹೇಗೆ ಎಂಬ ಆಸೆ ಇಲ್ಲಿನ ಕನ್ನಡಿಗರಲ್ಲಿ ಕೆಲವರಿಗೆ ಬರುವುದುಂಟು. ಎಡಗೈ ಸ್ಟೀರಿಂಗ್, ಮೂರು ವರ್ಷ ಮೀರಿದ ವಯಸ್ಸು: ಭಾರತದ ಬಳಸಿದ ಕಾರಿನ ಆಮದು ನಿಯಮದಲ್ಲಿ ಎರಡೂ ಅಡ್ಡಿ.

ಹಣ ಗಿರಾಕಿಯ ಬ್ಯಾಂಕಿನಲ್ಲೇ ತೆಗೆದುಕೊಳ್ಳಿ, ಕ್ಯಾಷಿಯರ್ಸ್ ಚೆಕ್ ಎದುರಿಗೇ ಮುದ್ರಣವಾಗಲಿ. ಟೈಟಲ್‌ಗೆ (ಒಡೆತನದ ಪತ್ರ) ಸಹಿ ಹಾಕಿ, ಐದು ದಿನದೊಳಗೆ ರಾಜ್ಯದ ವಾಹನ ಇಲಾಖೆಯಾದ ಡಿಎಂವಿಗೆ ಹೊಣೆ ಬಿಡುಗಡೆಯ ನೋಟಿಸ್ ಆನ್‌ಲೈನ್‌ನಲ್ಲಿ ಸಲ್ಲಿಸಿ. ಸಾಮಾನ್ಯ ನಂಬರ್ ಪ್ಲೇಟ್ ಕಾರಿನ ಜೊತೆಗೇ ಹೋಗುವುದರಿಂದ ಟೋಲ್ ಖಾತೆಯಿಂದ ಆ ಸಂಖ್ಯೆ ಅಳಿಸಿ, ಗಾಜಿಗಂಟಿಸಿದ ಟೋಲ್ ಸಾಧನ ಫಾಸ್‌ಟ್ರ್ಯಾಕ್ ಕಿತ್ತುಕೊಳ್ಳಿ.