ಮೂರು ಸರೋವರ, ಮೂರು ಬಿಡಾರ: ಗೆಳೆಯರನ್ನು ನೋಡಲು ಹೋದ ಬೇಸಿಗೆಯ ಲೆಕ್ಕ

ಮ್ಯಾಂಚೆಸ್ಟರ್‌ಗೆ ಮಗಳ ಮನೆಗೆ ಹೋದ ಎರಡನೇ ವಾರಕ್ಕೇ ನಮಗೆ ಮಾಡಲು ಕೆಲಸ ಉಳಿದಿರಲಿಲ್ಲ. ಮಗಳು, ಅಳಿಯ ಬೆಳಗ್ಗೆ ಎಂಟಕ್ಕೆ ಹೊರಟರೆ ಬರುವುದು ಸಂಜೆ ಆರಕ್ಕೆ. ಅಷ್ಟರಲ್ಲಿ ನಾನು ಫ್ರಿಜ್ಜನ್ನು ಎರಡು ಸಲ ಒರೆಸಿರುತ್ತಿದ್ದೆ. ಇವರು ಹಳೇ ಡೈರಿ ತೆಗೆದು ಫೋನ್ ನಂಬರ್ ಹುಡುಕಲು ಕೂತರು. ಹುಡುಕಿದರೆ ನಮ್ಮವರು ಮೂರು ಕಡೆ ಸಿಕ್ಕರು. ಇವರ ಹಾಸ್ಟೆಲ್ ರೂಮ್‌ಮೇಟ್ ವಿಂಡರ್‌ಮಿಯರ್ ಊರಲ್ಲಿ. ನನ್ನ ಕಾಲೇಜು ಗೆಳತಿ ಕೆಸಿಕ್‌ನಲ್ಲಿ. ನಮ್ಮ ಹಳೇ ಪಕ್ಕದ ಮನೆಯವರು ಗ್ಲಾಸ್ಗೋದಲ್ಲಿ, ಆದರೆ ಅವರೇ "ನೀವು ಅಷ್ಟು ದೂರ ಬರಬೇಡಿ, ಅಲ್ಸ್‌ವಾಟರ್ ಸರೋವರದ ಹತ್ತಿರ ಒಂದು ಮನೆ ಬಾಡಿಗೆಗೆ ಹಿಡಿಯೋಣ" ಅಂದರು.

ಹೀಗೆ ಜುಲೈ ತಿಂಗಳಲ್ಲಿ, ಈ ಊರು, ಸರೋವರಗಳೆಲ್ಲ ಇರುವ ಇಂಗ್ಲೆಂಡಿನ ವಾಯವ್ಯದ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಹನ್ನೊಂದು ರಾತ್ರಿ. ಸರೋವರ ಮೂರು, ಉಳಿದುಕೊಂಡ ರೀತಿಯೂ ಮೂರು. ಮೊದಲನೇದು ಗೆಳೆಯರ ಮನೆಯಲ್ಲೇ, ಎರಡನೇದು ಗೆಳತಿಯ ಊರಿನ ಗೆಸ್ಟ್‌ಹೌಸಿನಲ್ಲಿ, ಮೂರನೇದು ಎಲ್ಲರೂ ಸೇರಿ ಬಾಡಿಗೆ ಮನೆಯಲ್ಲಿ. ವಾಪಸ್ ಬಂದ ಮೇಲೆ "ಯಾವುದು ಚೆನ್ನಾಗಿತ್ತು" ಅಂತ ಕೇಳಿದವರಿಗೆಲ್ಲ ಒಂದೇ ಮಾತಲ್ಲಿ ಹೇಳಲು ಆಗಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ವಿಂಡರ್‌ಮಿಯರ್‌ಗೆ ಹೋಗುವುದು ಸುಲಭ, ಅದರಲ್ಲಿ ಎರಡು ಮಾತಿಲ್ಲ. ರೈಲು ಊರಿನವರೆಗೂ ಹೋಗುತ್ತದೆ. ಆಕ್ಸನ್‌ಹೋಮ್‌ನಲ್ಲಿ ಇಳಿದು ಚಿಕ್ಕ ರೈಲು ಹತ್ತಿದರೆ ಇಪ್ಪತ್ತೇ ನಿಮಿಷ. ಈ ಹಳಿ 1847ರದ್ದು. ಹಳಿ ಹಾಕುವ ಮಾತು ಬಂದಾಗ ಕವಿ ವರ್ಡ್ಸ್‌ವರ್ತ್ "ರೈಲು ಬೇಡ, ಜನ ನುಗ್ಗಿಬಿಡುತ್ತಾರೆ" ಅಂತ ಪತ್ರಿಕೆಗೆ ಬರೆದು ಗಲಾಟೆ ಮಾಡಿದ್ದರಂತೆ. ವಿಂಡರ್‌ಮಿಯರ್ ಸರೋವರದ ಬೋನೆಸ್ ದಡದಲ್ಲಿ ಐಸ್‌ಕ್ರೀಂ ಕ್ಯೂ ನೋಡಿದಾಗ ಆ ಮುದುಕ ಹೇಳಿದ್ದು ಸರಿ ಅನ್ನಿಸಿತು. ಆದರೆ ಆ ಕ್ಯೂನಲ್ಲಿ ನಾವೂ ಇದ್ದೆವಲ್ಲ!

ಇಂಗ್ಲೆಂಡಿನ ಅತಿ ದೊಡ್ಡ ಸರೋವರ ಇದೇ, ಉದ್ದ ಸುಮಾರು 17 ಕಿಲೋಮೀಟರ್. ಇವರು ಕೊನೆಯವರೆಗೂ ಇದನ್ನು "ಕೆರೆ" ಅಂತಲೇ ಕರೆದರು. ಕೆರೆ ಅಂದರೆ ನಾವು ಕಟ್ಟಿದ್ದು, ಇದು ಹಿಮನದಿ ಕೊರೆದದ್ದು ಅಂತ ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಹಾಗೆ ನೋಡಿದರೆ ಅಲ್ಲಿಯವರೂ ಹೆಸರಿನಲ್ಲಿ "ಲೇಕ್" ಅನ್ನುವುದು ಒಂದಕ್ಕೇ, ಬ್ಯಾಸೆಂತ್‌ವೇಟ್ ಲೇಕ್‌ಗೆ. ಮಿಕ್ಕಿದ್ದೆಲ್ಲ ಮಿಯರ್, ವಾಟರ್, ಟಾರ್ನ್.

ಇಲ್ಲಿನ ದೋಣಿಗಳು ದೊಡ್ಡವು. ನಾವು ಹತ್ತಿದ 'ಟರ್ನ್' 1891ರ ಹಡಗು. ಮೈಕಿನಲ್ಲಿ ಮಾತು, ಎಲ್ಲ ಕಡೆ ಮಕ್ಕಳು, ಕೂರಲು ಜಾಗ ಹಿಡಿಯುವ ಗಡಿಬಿಡಿ. ಗೆಳೆಯನ ಜೊತೆ ಇವರು ಏನು ಮಾತಾಡಿದರೂ ಕೂಗಿಯೇ ಹೇಳಬೇಕಾಯಿತು. ದುಡ್ಡು ಕೊಟ್ಟು ಹಡಗು ಹತ್ತಿ ನಾವು ನೋಡಿದ್ದು ಜಾಸ್ತಿ ಜನರನ್ನೇ.

ಸ್ಟೇಷನ್ ಎದುರಿನ ಓರೆಸ್ಟ್ ಹೆಡ್ ಗುಡ್ಡ ಮಾತ್ರ ಬೇರೆ ಮಾತು. ಎತ್ತರ ಬರೀ 238 ಮೀಟರ್. ನಮ್ಮಂಥವರಿಗೂ ನಿಂತು ನಿಂತು ನಲವತ್ತು ನಿಮಿಷದಲ್ಲಿ ಆಯಿತು. ಮೇಲೆ ಹೋಗಿ ತಿರುಗಿದರೆ ಇಡೀ ಸರೋವರ, ಅದರ ಆಚೆ ಸಾಲು ಸಾಲು ಬೆಟ್ಟ. 1930ರಲ್ಲಿ ಆಲ್ಫ್ರೆಡ್ ವೇನ್‌ರೈಟ್ ಅನ್ನುವ 23 ವರ್ಷದ ಗುಮಾಸ್ತ ಇಲ್ಲಿ ನಿಂತು ಈ ನೋಟಕ್ಕೆ ಮನಸೋತರು. ಮುಂದೆ ಈ ಸೀಮೆಯ 214 ಬೆಟ್ಟಗಳನ್ನು ಹತ್ತಿ ಬರೆದಿಟ್ಟವರು ಇವರೇ. ವಿಂಡರ್‌ಮಿಯರ್‌ನಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಹಡಗು ಬಿಟ್ಟು ಈ ಗುಡ್ಡ ಹತ್ತಿ.

ಇನ್ನು ಗೆಳೆಯನ ಮನೆ. ಬಾಗಿಲು ತೆಗೆದವನೇ ಇವರ ಹೊಟ್ಟೆ ಮುಟ್ಟಿ "ಇದನ್ನ ಎಲ್ಲಿಂದ ತಂದ್ಯೋ?" ಅಂದ. ನಲವತ್ತು ವರ್ಷದ ಮೇಲೆ ಮೊದಲ ಮಾತು ಇದು. ಮೊದಲ ರಾತ್ರಿ ನಗು ನಿಲ್ಲಲೇ ಇಲ್ಲ. ಎರಡನೇ ದಿನದಿಂದ ನನಗೆ ಮುಜುಗರ ಶುರುವಾಯಿತು. ಅವನ ಹೆಂಡತಿ ಐದಕ್ಕೇ ಎದ್ದು ತಿಂಡಿಗೆ ನಿಲ್ಲುತ್ತಿದ್ದಳು. ನಾನು ಅಡುಗೆಮನೆಗೆ ಹೋದರೆ "ಅಕ್ಕಾ, ನೀವು ಕೂತ್ಕೊಳ್ಳಿ" ಅಂತ ಕೈಯಿಂದ ಚಾಕು ಕಿತ್ತುಕೊಳ್ಳುತ್ತಿದ್ದಳು. ರಾತ್ರಿ ಒಂಬತ್ತೂವರೆಗೂ ಹೊರಗೆ ಬೆಳಕಿರುವ ದೇಶ ಅದು. ಊಟ ಮುಗಿದ ಮೇಲೂ ಯಾರಿಗೂ ಏಳುವ ಮನಸ್ಸಿಲ್ಲ. ನಾವು ಮಲಗುವ ತನಕ ಅವರು ಮಲಗುವುದಿಲ್ಲ, ಅವರು ಮಲಗಲಿ ಅಂತ ನಾವು ಸುಳ್ಳೇ ಆಕಳಿಸುತ್ತೇವೆ. ಮೂರನೇ ರಾತ್ರಿ ಆ ಹೆಣ್ಣುಮಗಳು ಸೋಫಾದಲ್ಲೇ ಕೂತು ತೂಕಡಿಸುತ್ತಿದ್ದಳು, ಕೈಯಲ್ಲಿ ಟವೆಲ್ ಹಾಗೇ ಇತ್ತು. ಗೆಳೆಯರ ಮನೆ ಅಂದರೆ ಎರಡು ರಾತ್ರಿ ಸಾಕು. ನಾವು ನಾಲ್ಕು ಇದ್ದೆವು.

ಅಲ್ಲಿಂದ ಕೆಸಿಕ್‌ಗೆ 555 ನಂಬರ್ ಬಸ್ಸು. ನಾವು ಹೋದಾಗ ಒಬ್ಬರಿಗೆ 3 ಪೌಂಡ್ ಇತ್ತು, ಸುಮಾರು ಒಂದು ಗಂಟೆ ದಾರಿ. ಮೇಲಿನ ಮಹಡಿಯಲ್ಲಿ ಮುಂದಿನ ಸೀಟು ಸಿಕ್ಕರೆ ಬೇರೆ ಟೂರ್ ಬೇಕಾಗಿಲ್ಲ. ಗ್ರಾಸ್‌ಮಿಯರ್ ದಾಟಿದ ಮೇಲೆ ತಿರ್ಲ್‌ಮಿಯರ್ ಅಂತ ಬರುತ್ತದೆ. ಅದು ಮಾತ್ರ ಇವರು ಹೇಳಿದ ಹಾಗೆ ಕೆರೆಯೇ! ಒಡ್ಡು ಕಟ್ಟಿ ನೀರು ಏರಿಸಿದ್ದು. 1894ರಿಂದ ಇಲ್ಲಿನ ನೀರು ಸುಮಾರು 154 ಕಿಲೋಮೀಟರ್ ದೂರದ ಮ್ಯಾಂಚೆಸ್ಟರ್‌ಗೆ ಹರಿಯುತ್ತಿದೆ, ಪಂಪಿಲ್ಲದೆ, ಬರೀ ಇಳಿಜಾರಿನ ಬಲದಲ್ಲಿ. ಮಗಳ ಮನೆ ನಲ್ಲಿಯಲ್ಲಿ ಅಕ್ಕಿ ತೊಳೆದದ್ದು ನೆನಪಾಗಿ ಕಿಟಕಿಗೆ ಮುಖ ಒತ್ತಿ ನೋಡಿದೆ. ಇವರಿಗೆ ಗೆದ್ದ ಸಂತೋಷ.

ಕೆಸಿಕ್ ಪಕ್ಕದ ಸರೋವರ ಡರ್ವೆಂಟ್‌ವಾಟರ್ ಚಿಕ್ಕದು. ಐದು ಕಿಲೋಮೀಟರ್ ಉದ್ದವಿದ್ದರೆ ಹೆಚ್ಚು. ಆದರೆ ನನ್ನ ಓಟು ಇದಕ್ಕೇ. ಕಾರಣ ಆ ಪುಟ್ಟ ಮರದ ದೋಣಿಗಳು. ಇವು ನಮ್ಮ ಸಿಟಿ ಬಸ್ಸಿನ ಹಾಗೆ. ಕೆಸಿಕ್ ಸೇರಿ ದಡದ ಸುತ್ತ ಏಳು ಕಡೆ ನಿಲ್ಲುತ್ತವೆ. ಕೆಲವು ಎಡಕ್ಕೆ ಸುತ್ತುತ್ತವೆ, ಕೆಲವು ಬಲಕ್ಕೆ. ಪೂರ್ತಿ ಸುತ್ತು ಐವತ್ತು ನಿಮಿಷ. ಬೇಕಾದಲ್ಲಿ ಇಳಿದು, ಕಾಲು ಹೋದಷ್ಟು ದೂರ ನಡೆದು, ಮುಂದಿನ ಕಟ್ಟೆಯಲ್ಲಿ ಮತ್ತೆ ಹತ್ತಬಹುದು. ಮಂಡಿ ನೋವಿನವರಿಗೆ ಇದಕ್ಕಿಂತ ಒಳ್ಳೆ ಏರ್ಪಾಡು ಇನ್ನೇನು ಬೇಕು? ನನ್ನ ಗೆಳತಿ, ನಾನು ಬ್ರ್ಯಾಂಡಲ್‌ಹೌ ಕಟ್ಟೆಯಲ್ಲಿ ಇಳಿದೆವು. 1902ರಲ್ಲಿ ಜನರಿಂದ ಚಂದಾ ಎತ್ತಿ, ಇಂಥ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಕೊಂಡ ಕಾಡು ಅದು, ಈ ಸೀಮೆಯಲ್ಲಿ ಅವರ ಮೊದಲ ಜಾಗ. ಹಲಗೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಫ್ಲಾಸ್ಕಿನ ಟೀ ಕುಡಿದೆವು. ಒಂದು ದೋಣಿ ಬಂತು, ಹುಡುಗ ಹಗ್ಗ ಎಸೆದು ಗೂಟಕ್ಕೆ ಸುತ್ತಿ ನಮ್ಮನ್ನು ನೋಡಿದ. ನಾವು ಕೈಯಾಡಿಸಿ ಕಳಿಸಿದೆವು. ಇನ್ನೊಂದು ಬಂತು, ಅದನ್ನೂ ಕಳಿಸಿದೆವು. ಮೂರನೇದು ಬಂದಾಗ ಅದೇ ಹುಡುಗ. "ಇನ್ನೂ ಮಾತು ಮುಗಿದಿಲ್ವಾ" ಅನ್ನುವ ಥರ ನಕ್ಕ. ಅವಳ ಗಂಡ ಹೋಗಿ ಆರು ವರ್ಷ. ಫೋನಿನಲ್ಲಿ ಯಾವತ್ತೂ ಹೇಳದೇ ಇದ್ದದ್ದನ್ನು ಅವಳು ಹೇಳಿದ್ದು ಆ ಎರಡನೇ ದೋಣಿಗೂ ಮೂರನೇ ದೋಣಿಗೂ ನಡುವೆ.

ಇವರು ಅವತ್ತು ಒಬ್ಬರೇ ಕ್ಯಾಟ್‌ಬೆಲ್ಸ್ ಬೆಟ್ಟ ಹತ್ತಲು ಹೋಗಿದ್ದರು. 451 ಮೀಟರ್ ಅಂದರೆ ಏನು ಮಹಾ ಅಂತ ಹೊರಟವರು. ತುದಿಯ ಹತ್ತಿರ ಬಂಡೆಗೆ ಎರಡೂ ಕೈ ಹಾಕಿ ಹತ್ತಬೇಕು. ಹತ್ತಿದರಂತೆ. ಇಳಿಯುವಾಗ ಕೂತು ಜಾರಿದ್ದಕ್ಕೆ ಪ್ಯಾಂಟಿನ ಹಿಂಭಾಗವೇ ಸಾಕ್ಷಿ.

ಗೆಳತಿಯ ಮನೆ ಒಂದೇ ಕೋಣೆಯದು, ಹಾಗಾಗಿ ನಾವು ಗೆಸ್ಟ್‌ಹೌಸ್ ಹಿಡಿದಿದ್ದೆವು. ಹೆಸರು ಬೇಡ. "ಸರೋವರದ ನೋಟ" ಅಂತ ಬರೆದಿದ್ದರು, ಸಿಕ್ಕಿದ್ದು ಪಕ್ಕದ ಮನೆಯ ಕಸದ ಡಬ್ಬಿಗಳ ನೋಟ. ಮೆಟ್ಟಿಲು ಬೇರೆ ಕಡಿದಾದದ್ದು, ಮೂರನೇ ಮಹಡಿ. ಆದರೂ ಈ ರೀತಿಯೇ ಹಿತವಾಗಿತ್ತು. ಬೆಳಗ್ಗೆ ಹತ್ತಕ್ಕೆ ಸಿಗುವುದು, ಸಂಜೆ ಏಳಕ್ಕೆ "ನಾಳೆ ನೋಡೋಣ ಕಣೇ" ಅಂತ ಬೇರೆಯಾಗುವುದು. ಯಾರಿಗೂ ಯಾರ ಭಾರವೂ ಇಲ್ಲ. ಕೊರತೆ ಒಂದೇ. ಮಾತು ಜೋರು ಹತ್ತುವುದು ರಾತ್ರಿ ಊಟದ ಮೇಲೆ. ಅಷ್ಟು ಹೊತ್ತಿಗೆ ನಾವು ನಮ್ಮ ಕಸದ ಡಬ್ಬಿಗಳ ಹತ್ತಿರ ವಾಪಸ್ ಬಂದಿರುತ್ತಿದ್ದೆವು.

ಮಳೆ ಬಂದರೂ ಕೆಸಿಕ್‌ನಲ್ಲಿ ದಿನ ಹೋಗುತ್ತದೆ. ಅಲ್ಲಿ ಪೆನ್ಸಿಲ್ ಮ್ಯೂಸಿಯಂ ಇದೆ. ಹತ್ತಿರದ ಬಾರೋಡೇಲ್ ಕಣಿವೆಯಲ್ಲಿ 1500ರ ದಶಕಗಳಲ್ಲಿ ಶುದ್ಧ ಗ್ರಾಫೈಟ್ ಸಿಕ್ಕಿತು. ಮೊದಲು ಅದರಿಂದ ಕುರಿಗಳಿಗೆ ಗುರುತು ಹಾಕುತ್ತಿದ್ದರಂತೆ, ಪೆನ್ಸಿಲ್ ಬಂದದ್ದು ಆಮೇಲೆ. ಸುಮಾರು ಎಂಟು ಮೀಟರ್ ಉದ್ದದ ಒಂದು ಹಳದಿ ಪೆನ್ಸಿಲ್ ತೂಗುಹಾಕಿದ್ದಾರೆ. ಡ್ರಾಯಿಂಗ್ ಮೇಷ್ಟ್ರಾಗಿದ್ದ ಇವರನ್ನು ಅಲ್ಲಿಂದ ಎಬ್ಬಿಸಲು ನಾನು ಮೂರು ಸಲ ಟೀ ಹೆಸರು ಹೇಳಬೇಕಾಯಿತು. ಅದೇ ಕಣಿವೆಯ ಸೀತ್‌ವೇಟ್ ಇಂಗ್ಲೆಂಡಿನಲ್ಲಿ ಜನ ವಾಸವಿರುವ ಊರುಗಳಲ್ಲೇ ಹೆಚ್ಚು ಮಳೆಯದ್ದು, ವರ್ಷಕ್ಕೆ ಸುಮಾರು 3,500 ಮಿಲಿಮೀಟರ್. ಗೆಳತಿ ಇದನ್ನು ದೊಡ್ಡ ಸಂಗತಿಯ ಹಾಗೆ ಹೇಳಿದಳು. ಆಗುಂಬೆಯ ಅರ್ಧವೂ ಇಲ್ಲವಲ್ಲೇ ಅಂದೆ.

ಆಮೇಲೆ ಅಲ್ಸ್‌ವಾಟರ್. ಕೆಸಿಕ್‌ಗೆ ರೈಲಿಲ್ಲ, 1972ರಲ್ಲೇ ನಿಲ್ಲಿಸಿಬಿಟ್ಟಿದ್ದಾರೆ. ಬಸ್ಸಿನಲ್ಲಿ ಪೆನ್ರಿತ್‌ಗೆ ಹೋದೆವು, ಅಲ್ಲಿಂದ ಗ್ಲಾಸ್ಗೋ ಗೆಳೆಯರ ಕಾರು. ಕಾರಿಲ್ಲದಿದ್ದರೆ ಈ ಕಡೆ ಸ್ವಲ್ಪ ಕಷ್ಟವೇ.

ನೋಟದಲ್ಲಿ ಮೂರರಲ್ಲೂ ಇದೇ ಗಂಭೀರ. ಗಾತ್ರದಲ್ಲಿ ವಿಂಡರ್‌ಮಿಯರ್ ನಂತರ ಇದೇ. ಎರಡು ಸಲ ಬಾಗಿ ಹೋಗುವುದರಿಂದ ಒಂದೇ ಕಡೆ ನಿಂತು ಪೂರ್ತಿ ಕಾಣುವುದಿಲ್ಲ, ತಿರುವಿನ ಆಚೆ ಏನಿದೆ ಅನ್ನುವ ಆಸೆ ಉಳಿಯುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ ವರ್ಡ್ಸ್‌ವರ್ತ್ ಪದ್ಯದ ಡ್ಯಾಫೋಡಿಲ್ ಹೂಗಳನ್ನು ಆ ಕವಿ, ಅವರ ತಂಗಿ ನೋಡಿದ್ದು ಇದೇ ದಡದಲ್ಲಿ, 1802ರ ಏಪ್ರಿಲ್ 15ರಂದು. ಜುಲೈನಲ್ಲಿ ಹೋದ ನಮಗೆ ಕಂಡದ್ದು ಜರೀಗಿಡ, ಮತ್ತೆ ಹರ್ಡ್ವಿಕ್ ಕುರಿಗಳು. ಇವು ಹುಟ್ಟುವಾಗ ಕಪ್ಪು, ವಯಸ್ಸಾದಂತೆ ಬೂದು. ನಮ್ಮ ಹಾಗೇ ಅಂತ ಗ್ಲಾಸ್ಗೋ ಭಾವ ಅಂದರು.

ಗ್ಲೆನ್‌ರಿಡಿಂಗ್‌ನಿಂದ ಹೌಟೌನ್‌ಗೆ ಸ್ಟೀಮರ್‌ನಲ್ಲಿ ಹೋಗಿ ದಡದ ಕಾಲುದಾರಿಯಲ್ಲಿ ನಡೆದು ಬರುವುದು ಇಲ್ಲಿ ಎಲ್ಲರೂ ಮಾಡುವ ಕೆಲಸ. ಹತ್ತು ಕಿಲೋಮೀಟರ್ ಮೇಲೆ ಇದೆ. ದಾರಿ ಬಹಳ ಚೆಂದ. ಆದರೆ ಒಂದು ಸಲ ಸ್ಟೀಮರ್ ಇಳಿದು ಹೊರಟಿರೋ, ಅರ್ಧದಲ್ಲಿ ಬಿಡುವ ಹಾಗಿಲ್ಲ. ನಡುವೆ ಬಸ್ಸಿಲ್ಲ, ದೋಣಿ ಕಟ್ಟೆಯೂ ಇಲ್ಲ. ಆರನೇ ಕಿಲೋಮೀಟರ್‌ನಲ್ಲಿ ಇವರ ಮಂಡಿ ಮುಷ್ಕರ ಹೂಡಿತು. ಐದೂವರೆ ಗಂಟೆ ಹಿಡಿಯಿತು ನಮಗೆ. ಡರ್ವೆಂಟ್‌ವಾಟರ್‌ನ ದೋಣಿಗಳ ಬೆಲೆ ಆಗ ಗೊತ್ತಾಯಿತು.

ಬಾಡಿಗೆ ಮನೆ ಕಲ್ಲಿನದು, ದಪ್ಪ ಗೋಡೆ. ಫೋನಿಗೆ ಸಿಗ್ನಲ್ ಇಲ್ಲ. ಮೊದಲ ಸಂಜೆ ನಾನು ಸಾರಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿದು, ಒಣಮೆಣಸಿನಕಾಯಿ ಬಿದ್ದ ಕೂಡಲೇ ಹೊಗೆ ಅಲಾರ್ಮ್ ಕಿರುಚತೊಡಗಿತು. ಭಾವ ಕುರ್ಚಿ ಹತ್ತಿ ಪೇಪರಿನಿಂದ ಗಾಳಿ ಹಾಕಿದರು, ನಿಲ್ಲಲಿಲ್ಲ. ಕಿಟಕಿಗಳನ್ನೆಲ್ಲ ತೆರೆದೆವು. ಅಲಾರ್ಮ್ ನಿಂತಿತು, ಆದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಗಳು ದಂಡಾಗಿ ಒಳಗೆ ಬಂದವು. ನಾಲ್ಕೂ ಜನ ಕೈಕಾಲು ಕೆರೆದುಕೊಳ್ಳುತ್ತಾ ಸಾರನ್ನ ಉಂಡೆವು. ಮಾಲೀಕರಿಗೆ ಹೇಳಿದರೆ "ಹಾಗಾದರೆ ಹುರಿಯಬೇಡಿ" ಅಂದರು.

ಮಾರನೇ ದಿನವೆಲ್ಲ ಮಳೆ. ಸರೋವರ ಕಾಣಲೇ ಇಲ್ಲ. ಬೆಳಗ್ಗೆ ತಿಂಡಿ ಮುಗಿಸಿ ರಮ್ಮಿಗೆ ಕೂತವರು ಎದ್ದದ್ದು ರಾತ್ರಿ. ಒಬ್ಬರು ತರಕಾರಿ ಹೆಚ್ಚಿದರು, ಒಬ್ಬರು ಪಾತ್ರೆ ತೊಳೆದರು. ಇಲ್ಲಿ ಯಾರೂ ಅತಿಥಿ ಅಲ್ಲ, ಹಾಗಾಗಿ ಯಾರಿಗೂ ಸಂಕೋಚವಿಲ್ಲ. ನಿದ್ದೆ ಬಂದವರು ಎದ್ದು ಹೋಗಿ ಮಲಗಿದರು, ಮಿಕ್ಕವರು ಆಟ ಮುಂದುವರಿಸಿದರು. ಹನ್ನೊಂದು ದಿನದಲ್ಲಿ ನಾನು ಜಾಸ್ತಿ ನಕ್ಕದ್ದು ಸರೋವರ ಕಾಣದ ಆ ದಿನವೇ.

ಖರ್ಚು? ಗೆಳೆಯನ ಮನೆಯಲ್ಲಿ ಬರೀ ಉಡುಗೊರೆಯ ಖರ್ಚು. ಗೆಸ್ಟ್‌ಹೌಸ್ ಎಲ್ಲಕ್ಕಿಂತ ದುಬಾರಿ ಬಿತ್ತು, ಮಧ್ಯಾಹ್ನ, ರಾತ್ರಿ ಊಟವೂ ಹೊರಗೇ ಆದ್ದರಿಂದ. ಬಾಡಿಗೆ ಮನೆ ನಾಲ್ಕು ಜನರ ನಡುವೆ ಹಂಚಿಹೋಯಿತು.

ನನ್ನ ಲೆಕ್ಕದಲ್ಲಿ ಸರೋವರ ಡರ್ವೆಂಟ್‌ವಾಟರ್, ಬಿಡಾರ ಬಾಡಿಗೆ ಮನೆ. ಇವರು ಈಗಲೂ ಅಲ್ಸ್‌ವಾಟರ್ ಅನ್ನುತ್ತಾರೆ, ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಲೇ. ಮುಂದಿನ ಜುಲೈಗೆ ಕೆಸಿಕ್‌ನಲ್ಲಿ ಏಳು ಜನಕ್ಕೆ ಆಗುವಂಥ ಒಂದು ಮನೆ ನೋಡಿಟ್ಟಿದ್ದೇವೆ. ವಿಂಡರ್‌ಮಿಯರ್‌ನವಳಿಗೆ "ಈ ಸಲ ನೀನು ಕೂತ್ಕೋ" ಅಂತ ಈಗಲೇ ಹೇಳಿಯಾಗಿದೆ. ಅಡುಗೆಮನೆಯಲ್ಲಿ ಹೊಗೆ ಹೊರಗೆಳೆಯುವ ಫ್ಯಾನ್ ಇದೆಯಾ ಅಂತ ಇವರು ಮನೆಯವರಿಗೆ ಮೇಲ್ ಹಾಕಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.